ನಿಮಗಿದು ಗೊತ್ತೇ? ಓಎಸ್ ಪುಕ್ಕಟೆ, ಬದಲಾವಣೆ ದುಬಾರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಿತು. ಆವತ್ತಿನಿಂದ ಮನೆ, ಅಂಗಡಿ, ಆಡಿಟರ್ ಕಚೇರಿ ಎಲ್ಲ ಕಡೆ ಒಂದೇ ಚರ್ಚೆ: ಹನ್ನೊಂದಕ್ಕೆ ಹೋಗುವುದೋ, ಲಿನಕ್ಸ್ ಹಾಕಿಸುವುದೋ, ಸಾಲ ಮಾಡಿಯಾದರೂ ಮ್ಯಾಕ್ ಕೊಳ್ಳುವುದೋ? ಸಲಹೆ ಕೊಡುವವರಿಗೆ ಬರವಿಲ್ಲ. ಎಲ್ಲರೂ ಓಎಸ್‌ನ (ಆಪರೇಟಿಂಗ್ ಸಿಸ್ಟಂನ) ಬೆಲೆ ಹೇಳುತ್ತಾರೆ. ಅದರ ಮೇಲೆ ಓಡುವ ಸಾಫ್ಟ್‌ವೇರು, ವರ್ಷಗಟ್ಟಲೆ ಕೂಡಿಟ್ಟ ಫೈಲು, ಮೂಲೆಯಲ್ಲಿ ಕೂತ ಪ್ರಿಂಟರು ಇವುಗಳ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ಜೇಬಿಗೆ ಕತ್ತರಿ ಬೀಳುವುದು ಅಲ್ಲೇ.

● ‘ಇದೇ ವಿಂಡೋಸ್‌ನ ಕೊನೆಯ ಆವೃತ್ತಿ’ ಎಂದು 2015ರಲ್ಲಿ, ವಿಂಡೋಸ್ 10 ಬರುವ ಹೊತ್ತಿಗೆ, ಮೈಕ್ರೋಸಾಫ್ಟ್‌ನ ನೌಕರರೊಬ್ಬರು ವೇದಿಕೆಯ ಮೇಲೆಯೇ ಹೇಳಿದ್ದರು. ಆರು ವರ್ಷ ಕಳೆದು 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂತು.

● ವಿಂಡೋಸ್ 10ರಲ್ಲೇ ಉಳಿಯುವ ಮನೆಬಳಕೆದಾರರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡಿದೆ. ಬೆಲೆ 30 ಡಾಲರ್. ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಯಲ್ಲಿ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಬೇಡ. ಕಂಪನಿಗಳಿಗೆ ಈ ರಿಯಾಯಿತಿ ಇಲ್ಲ: ಒಂದೊಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೆಯ ವರ್ಷ 122, ಮೂರನೆಯ ವರ್ಷ 244. ಒಟ್ಟು 427 ಡಾಲರ್. ಅಮೆರಿಕದಲ್ಲಿ ವಿಂಡೋಸ್ 11 ಹೋಂ ಆವೃತ್ತಿಯ ಪೂರ್ತಿ ಬೆಲೆಯೇ 139 ಡಾಲರ್! ಹಳೆಯದನ್ನು ಬಿಡದವರಿಗೆ ಬರೆ ಎಳೆದೇ ಹೊಸದಕ್ಕೆ ಹೊರಡಿಸುವ ಲೆಕ್ಕವಿದು.

● ಹಾಗಾದರೆ ಹನ್ನೊಂದಕ್ಕೆ ಹೋಗಲು ಅಡ್ಡಿಯೇನು? ಅಪ್‌ಗ್ರೇಡ್ ಉಚಿತವೇ. ಆದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. 2017ರ ಮೊದಲು ಕೊಂಡ ಕಂಪ್ಯೂಟರ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಈ ಒಂದು ಕಾರಣಕ್ಕೆ ಜಗತ್ತಿನಾದ್ಯಂತ 24 ಕೋಟಿ ಕಂಪ್ಯೂಟರ್‌ಗಳು ಗುಜರಿಗೆ ಸೇರಬಹುದು ಎಂದು ಕೆನಾಲಿಸ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಅಂದಾಜು ಮಾಡಿತ್ತು.

● ಆ್ಯಪಲ್ ಕೂಡ ಓಎಸ್‌ಗೆ ದುಡ್ಡು ಇಸಿದುಕೊಳ್ಳುತ್ತಿತ್ತು. 2007ರ ಲೆಪರ್ಡ್‌ಗೆ 129 ಡಾಲರ್, 2009ರ ಸ್ನೋ ಲೆಪರ್ಡ್‌ಗೆ 29. 2013ರ ಅಕ್ಟೋಬರ್‌ನಲ್ಲಿ ಬಂದ ಮ್ಯಾವೆರಿಕ್ಸ್‌ನಿಂದ ಪುಕ್ಕಟೆ. ಅದನ್ನು ಓಡಿಸಲು ಮ್ಯಾಕ್ ಮಾತ್ರ ಪುಕ್ಕಟೆ ಸಿಗುವುದಿಲ್ಲ, ಅದು ಬೇರೆ ಮಾತು.

● ಅಂಗಡಿಯಲ್ಲಿ ‘ಇದು ಡಾಸ್ ಲ್ಯಾಪ್‌ಟಾಪು ಸಾರ್, ಸ್ವಲ್ಪ ಕಮ್ಮಿಗೆ ಬರುತ್ತೆ’ ಎನ್ನುತ್ತಾರಲ್ಲ, ಅದರಲ್ಲಿ ಇರುವುದು ಬಹುಮಟ್ಟಿಗೆ ಫ್ರೀಡಾಸ್. ಮೈಕ್ರೋಸಾಫ್ಟ್ ಡಾಸ್‌ಗೆ ತಿಲಾಂಜಲಿ ಕೊಡುತ್ತದೆಂಬ ಸುದ್ದಿ ಕೇಳಿ 1994ರಲ್ಲಿ ಜಿಮ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ಶುರುಮಾಡಿದ ಯೋಜನೆ ಅದು. ಇಂದಿಗೂ ಬದುಕಿದೆ. ಲ್ಯಾಪ್‌ಟಾಪ್ ಕೊಂಡವರಲ್ಲಿ ಅದನ್ನು ತೆರೆದು ನೋಡಿದವರು ಎಷ್ಟು ಮಂದಿಯೋ!

● ‘ನನಗೆ ವಿಂಡೋಸ್ ಬೇಡ, ಅದರ ದುಡ್ಡು ವಾಪಸ್ ಕೊಡಿ’ ಎಂದು ಕೇಳಿದವರೂ ಇದ್ದಾರೆ. 1999ರ ಫೆಬ್ರುವರಿ 15ರಂದು ಕ್ಯಾಲಿಫೋರ್ನಿಯಾದಲ್ಲಿ ಲಿನಕ್ಸ್ ಬಳಕೆದಾರರು ಮೈಕ್ರೋಸಾಫ್ಟ್ ಕಚೇರಿಗೆ ಮೆರವಣಿಗೆಯಲ್ಲೇ ಹೋಗಿದ್ದರು. ಇಟಲಿಯಲ್ಲಿ ಗ್ರಾಹಕರೊಬ್ಬರು ತಮ್ಮ ಲೆನೋವೊ ಲ್ಯಾಪ್‌ಟಾಪ್‌ನ ವಿಂಡೋಸ್ ಲೈಸೆನ್ಸಿನ 42 ಯೂರೊ ಮರಳಿಸಿ ಎಂದು ಕೋರ್ಟಿಗೆ ಹೋದರು. ಕಂಪನಿ ಬಿಡದೆ ಎಳೆದಾಡಿತು. ಕೊನೆಗೆ ಮೊಂಝಾ ನಗರದ ನ್ಯಾಯಾಲಯ ಕಂಪನಿಗೆ 20,000 ಯೂರೊ ದಂಡ ಕಟ್ಟಿಕೊಡಲು ಹೇಳಿತು.

● ವಿಂಡೋಸ್‌ನ ಅಪ್‌ಡೇಟ್‌ಗಳಿಗೆ ವಾರ-ತಿಥಿ ಗೊತ್ತಿದೆ. 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಗ್ಗೆ ಹತ್ತು ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಹತ್ತೂವರೆಯೋ ಹನ್ನೊಂದೂವರೆಯೋ. ಹಾಗಾಗಿ ನಮ್ಮ ಆಫೀಸುಗಳಿಗೆ ಅದರ ಬಿಸಿ ತಟ್ಟುವುದು ಬುಧವಾರ ಬೆಳಗ್ಗೆ, ಸರಿಯಾಗಿ ಅರ್ಜೆಂಟ್ ಪ್ರಿಂಟ್ ತೆಗೆಯಬೇಕಾದ ಹೊತ್ತಿಗೆ.

● ಅಪ್‌ಡೇಟ್ ಹಾಕದಿದ್ದರೆ ಏನಾಗುತ್ತದೆ? 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಮೂರು ವರ್ಷ ಮೊದಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ಪ್ಯಾಚ್ ಬಿಟ್ಟಿತು. ವಿಚಿತ್ರವೆಂದರೆ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ಎಕ್ಸ್‌ಪಿ ಯಂತ್ರಗಳಲ್ಲ, ವಿಂಡೋಸ್ 7ರವು. ಅದಕ್ಕೆ ಎರಡು ತಿಂಗಳ ಮುಂಚೆಯೇ, ಮಾರ್ಚ್‌ನಲ್ಲೇ, ಪ್ಯಾಚ್ ಬಂದಿತ್ತು. ‘ಆಮೇಲೆ ನೆನಪಿಸು’ ಬಟನ್ ಒತ್ತಿ ಸುಮ್ಮನಾಗಿದ್ದವರೇ ಕಣ್ಣೀರಿಟ್ಟದ್ದು.

● ಅಪ್‌ಡೇಟ್ ಹಾಕಿದ್ದಕ್ಕೇ ಕೆಟ್ಟ ದಿನವೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳ ಪರದೆ ನೀಲಿಯಾಯಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅದೇ ಕಂಪನಿಯ ಸಾಫ್ಟ್‌ವೇರ್ ಇದ್ದ ಮ್ಯಾಕ್, ಲಿನಕ್ಸ್‌ಗಳಿಗೆ ಆವತ್ತು ಏನೂ ಆಗಲಿಲ್ಲ.

● ಓಎಸ್ ಹಳೆಯದಾದರೆ ಮೊದಲು ಕೈಕೊಡುವುದು ಬ್ರೌಸರು. ವಿಂಡೋಸ್ 7ರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯದು. 2023ರ ಫೆಬ್ರುವರಿಯಲ್ಲಿ 110 ಬಂದಾಗ ಏಳು ಮತ್ತು 8.1 ಎರಡನ್ನೂ ಗೂಗಲ್ ಕೈಬಿಟ್ಟಿತು. ಬ್ರೌಸರ್ ಹಳತಾದ ಮೇಲೆ ಬ್ಯಾಂಕಿನ ಜಾಲತಾಣಗಳು ಒಂದೊಂದಾಗಿ ಬಾಗಿಲು ಹಾಕುತ್ತ ಬರುತ್ತವೆ.

● ವಿಂಡೋಸ್ ಎಕ್ಸ್‌ಪಿ 2014ರ ಏಪ್ರಿಲ್ 8ಕ್ಕೆ ನಿವೃತ್ತಿಯಾಯಿತು. ಆದರೂ ಅಮೆರಿಕದ ನೌಕಾಪಡೆ 2015ರಲ್ಲಿ ಅದರ ಬೆಂಬಲ ಮುಂದುವರಿಸಿಕೊಳ್ಳಲು ಸುಮಾರು 90 ಲಕ್ಷ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ನಮ್ಮ ಎಟಿಎಂಗಳ ಕಥೆ? ಎಕ್ಸ್‌ಪಿ ಮತ್ತಿತರ ಹಳೆಯ ಓಎಸ್‌ಗಳನ್ನು 2019ರ ಜೂನ್ ಒಳಗೆ ಪೂರ್ತಿ ತೆಗೆಯಿರಿ ಎಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಾಕೀತು ಮಾಡಿದ್ದು 2018ರ ಜೂನ್‌ನಲ್ಲಿ. ಅಂದರೆ ಎಕ್ಸ್‌ಪಿ ‘ತೀರಿಕೊಂಡು’ ನಾಲ್ಕು ವರ್ಷವಾದ ಮೇಲೂ ಅದೇ ನಮಗೆ ನೋಟು ಎಣಿಸಿ ಕೊಡುತ್ತಿತ್ತು.

ಇಷ್ಟು ಬೆಲೆ ಮತ್ತು ಅಪ್‌ಡೇಟ್ ಪುರಾಣ. ಹಳೆಯ ಸಾಫ್ಟ್‌ವೇರ್ ಹೊಸ ಓಎಸ್‌ನಲ್ಲಿ ಓಡುವುದೋ ಇಲ್ಲವೋ ಎಂಬ ತಲೆನೋವಿಗೆ ಬರೋಣ.

● ವಿಂಡೋಸ್ 95 ಹೊರಬರುವ ಮುನ್ನ ಮೈಕ್ರೋಸಾಫ್ಟ್ ಎಂಜಿನಿಯರುಗಳಿಗೆ ಒಂದು ಪೇಚು ಎದುರಾಯಿತು. ಆಗಿನ ಜನಪ್ರಿಯ ಆಟ ಸಿಮ್‌ಸಿಟಿಯಲ್ಲಿ ಒಂದು ತಪ್ಪಿತ್ತು: ‘ಇನ್ನು ಬೇಡ’ ಎಂದು ಬಿಟ್ಟುಕೊಟ್ಟ ಮೆಮೊರಿಯನ್ನೇ ಮರುಕ್ಷಣ ಮತ್ತೆ ಓದುತ್ತಿತ್ತು. ಡಾಸ್‌ನಲ್ಲಿ ಆ ಜಾಗವನ್ನು ತಕ್ಷಣ ಬೇರೆ ಯಾರೂ ಹಿಡಿಯುತ್ತಿರಲಿಲ್ಲವಾದ್ದರಿಂದ ತಪ್ಪು ಮುಚ್ಚಿಹೋಗಿತ್ತು. ಹೊಸ ವಿಂಡೋಸ್‌ನಲ್ಲಿ ಆಟ ಮಗುಚಿ ಬಿತ್ತು. ಆಗ ಮೈಕ್ರೋಸಾಫ್ಟ್ ಮಾಡಿದ್ದೇನು ಗೊತ್ತೇ? ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ, ಹಾಗಿದ್ದರೆ ಮಾತ್ರ ಮೆಮೊರಿಯನ್ನು ಕೂಡಲೇ ಕಿತ್ತುಕೊಳ್ಳದೆ ಇಡುವ ಕೋಡನ್ನು ವಿಂಡೋಸ್‌ನೊಳಗೇ ಬರೆದುಬಿಟ್ಟಿತು! ಬೇರೆಯವರ ತಪ್ಪಿಗೆ ತಾನು ತೇಪೆ ಹಾಕಿದ್ದು ಔದಾರ್ಯದಿಂದಲ್ಲ. ಆಟ ನಿಂತರೆ ಗಿರಾಕಿ ಬೈಯುವುದು ಆಟವನ್ನಲ್ಲ, ಹೊಸ ವಿಂಡೋಸನ್ನು ಎಂಬುದು ಅವರಿಗೆ ಗೊತ್ತಿತ್ತು. ವಿಂಡೋಸ್ ಇಷ್ಟು ವರ್ಷ ಗಟ್ಟಿಯಾಗಿ ಕೂತದ್ದರ ಗುಟ್ಟು ಬಹುಪಾಲು ಇಂಥ ತೇಪೆಗಳಲ್ಲೇ ಇದೆ.

● ಹೊಚ್ಚಹೊಸ ವಿಂಡೋಸ್‌ನಲ್ಲೂ ಹಾರ್ಡ್ ಡಿಸ್ಕ್ ‘ಸಿ’ ಯಿಂದಲೇ ಏಕೆ ಶುರು? ಎ, ಬಿ ಎರಡೂ ಫ್ಲಾಪಿಗಳಿಗೆ ಮೀಸಲಾಗಿದ್ದವು. ಫ್ಲಾಪಿ ಹೋಗಿ ಯಾವ ಕಾಲವಾಯಿತು, ಮೀಸಲಾತಿ ಹಾಗೇ ಇದೆ.

● ಹೊಂದಾಣಿಕೆಗೂ ಒಂದು ಮಿತಿಯಿದೆ. ಡಾಸ್ ಮತ್ತು ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಂಗಳು 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿಯಾದರೂ ಇತ್ತು, 11ಕ್ಕೆ ಅದೂ ಇಲ್ಲ. ಯಾರೋ ಪುಣ್ಯಾತ್ಮರು ತೊಂಬತ್ತರ ದಶಕದಲ್ಲಿ ಡಾಸ್‌ಗೆಂದು ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ ಈಗಲೂ ನಡೆಸುತ್ತಿರುವ ಅಂಗಡಿಯವರು ಇದನ್ನು ಗಮನಿಸಬೇಕು. ಡಾಸ್‌ಬಾಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹೊಸ ಯಂತ್ರದೊಳಗೆ ಹಳೆಯ ಡಾಸ್ ಯಂತ್ರದ ವೇಷ ಹಾಕುತ್ತದೆ. ಅದನ್ನು ಮಾಡಿದ್ದು ಆಟಗಳಿಗಾಗಿ. ಪ್ರಿಂಟಿಂಗ್‌ಗೆ ಬಂದಾಗ ಸ್ವಲ್ಪ ಸತಾಯಿಸುತ್ತದೆ.

● ಆ್ಯಪಲ್‌ನದು ತದ್ವಿರುದ್ಧ ಸ್ವಭಾವ. ಹಳೆಯದನ್ನು ಕಳಚಿ ಎಸೆಯಲು ಅದಕ್ಕೆ ಎಳ್ಳಷ್ಟೂ ಸಂಕೋಚವಿಲ್ಲ. 1994ರಲ್ಲಿ ಒಮ್ಮೆ, 2006ರಲ್ಲಿ ಒಮ್ಮೆ, 2020ರಲ್ಲಿ ಒಮ್ಮೆ, ಹೀಗೆ ಮೂರು ಸಲ ಪ್ರೊಸೆಸರಿನ ಜಾತಿಯನ್ನೇ ಬದಲಿಸಿತು. ಎರಡನೆಯ ಸಲ ಹಳೆಯ ಸಾಫ್ಟ್‌ವೇರುಗಳಿಗೆ ದುಭಾಷಿಯಾಗಿ ರೊಸೆಟಾ ಎಂಬ ಪ್ರೋಗ್ರಾಂ ಕೊಟ್ಟು, 2011ರ ಲಯನ್‌ನಲ್ಲಿ ಅದನ್ನು ಕಿತ್ತುಹಾಕಿತು. 2019ರ ಕ್ಯಾಟಲಿನಾದಲ್ಲಿ 32 ಬಿಟ್ ಪ್ರೋಗ್ರಾಂಗಳೆಲ್ಲ ಒಂದೇ ರಾತ್ರಿಗೆ ನಿಂತುಹೋದವು. ದುಡ್ಡು ಕೊಟ್ಟು ಕೊಂಡ ಹಳೆಯ ಆಫೀಸು, ಫೋಟೋಶಾಪುಗಳು ಐಕಾನ್ ಆಗಿ ಉಳಿದವು, ಅಷ್ಟೆ. 2025ರಲ್ಲಿ ಬಂದ ಟಾಹೋ ಆವೃತ್ತಿ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು. ‘ಕಡಿಮೆಗೆ ಸಿಗುತ್ತದೆ’ ಎಂದು ಸೆಕೆಂಡ್ ಹ್ಯಾಂಡ್ ಮ್ಯಾಕ್ ನೋಡುತ್ತಿರುವವರು ಮೊದಲು ಕೇಳಬೇಕಾದ ಪ್ರಶ್ನೆ: ಒಳಗಿರುವುದು ಇಂಟೆಲ್ಲೋ, ಎಂ ಸರಣಿಯ ಚಿಪ್ಪೋ?

● ಮೈಕ್ರೋಸಾಫ್ಟ್‌ನ ಎಕ್ಸೆಲ್ ಮೊದಲು ಬಂದದ್ದು ವಿಂಡೋಸ್‌ಗಲ್ಲ, ಮ್ಯಾಕ್‌ಗೆ, 1985ರಲ್ಲಿ. ವಿಂಡೋಸ್‌ಗೆ ಬಂದದ್ದು 1987ರಲ್ಲಿ. ಪವರ್‌ಪಾಯಿಂಟ್ ಕೂಡ ಮ್ಯಾಕ್‌ಗೆಂದೇ ಹುಟ್ಟಿದ್ದು. ಅದನ್ನು ಮಾಡಿದ ಫೋರ್‌ಥಾಟ್ ಎಂಬ ಕಂಪನಿಯನ್ನು ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು.

● ಟ್ಯಾಲಿ ನಮ್ಮ ಬೆಂಗಳೂರಿನ ಸಾಫ್ಟ್‌ವೇರು. ತಂದೆ ಶ್ಯಾಮ್‌ಸುಂದರ್ ಗೋಯೆಂಕಾ ಅವರ ವ್ಯಾಪಾರದ ಲೆಕ್ಕ ಇಡಲು ಮಗ ಭರತ್ ಗೋಯೆಂಕಾ ಪ್ರೋಗ್ರಾಂ ಬರೆದರು, 1986ರಲ್ಲಿ ಅದೇ ಕಂಪನಿಯಾಯಿತು. ಲಿನಕ್ಸ್‌ಗೆ ಬರಲು ಮನಸ್ಸಿದ್ದೂ ಬಾರದ ವ್ಯಾಪಾರಿಗಳನ್ನು ಕೇಳಿ, ಬಹಳಷ್ಟು ಮಂದಿ ಹೇಳುವ ಕಾರಣ ಇದೊಂದೇ: ಟ್ಯಾಲಿ ಓಡುವುದು ವಿಂಡೋಸ್‌ನಲ್ಲಿ. ಬೇರೆ ಓಎಸ್‌ನೊಳಗೆ ವರ್ಚುವಲ್ ಮಷೀನ್ ಮಾಡಿ, ಅದರಲ್ಲಿ ವಿಂಡೋಸ್ ಹಾಕಿ, ಅದರ ಮೇಲೆ ಟ್ಯಾಲಿ ನಡೆಸಬಹುದು ನಿಜ. ಆದರೆ ಆ ಒಳಗಿನ ವಿಂಡೋಸ್‌ಗೂ ಲೈಸೆನ್ಸ್ ಬೇಕು. ಉಳಿತಾಯ ಎಲ್ಲಿಗೆ ಬಂತು?

● ವಿಂಡೋಸ್ ಇಲ್ಲದೆಯೇ ವಿಂಡೋಸ್ ಪ್ರೋಗ್ರಾಂ ಓಡಿಸುವ ಸಾಹಸದ ಹೆಸರು ವೈನ್. 1993ರಲ್ಲಿ ಶುರುವಾದ ಈ ಉಚಿತ ಯೋಜನೆಯ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ, ಹದಿನೈದು ವರ್ಷಗಳ ಮೇಲೆ! ಇದನ್ನೇ ಬುನಾದಿ ಮಾಡಿಕೊಂಡು ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ತಂದಿತು. ಈಗ ಸಾವಿರಾರು ವಿಂಡೋಸ್ ಆಟಗಳು ಲಿನಕ್ಸ್‌ನಲ್ಲಿ ಓಡುತ್ತವೆ. ಮೋಸ ಹಿಡಿಯಲೆಂದು ಓಎಸ್‌ನ ತಿರುಳಿಗೇ ಕೈಹಾಕುವ ಕೆಲವು ಆನ್‌ಲೈನ್ ಆಟಗಳು ಮಾತ್ರ ಇನ್ನೂ ಒಗ್ಗಿಲ್ಲ. ಮನೆಯಲ್ಲಿ ಹದಿಹರೆಯದವರಿದ್ದರೆ ಅವರನ್ನು ಕೇಳಿಯೇ ಓಎಸ್ ಬದಲಿಸಿ, ಮನೆಯ ನೆಮ್ಮದಿ ದೊಡ್ಡದು.

● ದಕ್ಷಿಣ ಕೊರಿಯಾ ಒಂದು ಬ್ರೌಸರಿಗೆ ಜೋತುಬಿದ್ದ ದೇಶ. ತೊಂಬತ್ತರ ದಶಕದ ಕೊನೆಗೆ ಅಲ್ಲಿ ಆನ್‌ಲೈನ್ ಬ್ಯಾಂಕಿಂಗ್‌ಗೆಂದು ಸ್ವದೇಶಿ ಗೂಢಲಿಪಿ ರೂಪಿಸಿ, ಅದನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಆ್ಯಕ್ಟಿವ್ ಎಕ್ಸ್ ಎಂಬ ಸೌಲಭ್ಯದ ಮೂಲಕ ನಡೆಸಿದರು. ಮ್ಯಾಕ್, ಲಿನಕ್ಸ್ ಇಟ್ಟುಕೊಂಡವರಿಗೆ ಬ್ಯಾಂಕು, ಶಾಪಿಂಗು ಎರಡೂ ವರ್ಷಗಟ್ಟಲೆ ದೂರ. ಈ ವ್ಯವಸ್ಥೆಯ ಭಾಗವಾಗಿದ್ದ ಡಿಜಿಟಲ್ ಪ್ರಮಾಣಪತ್ರದ ವಿಶೇಷ ಸ್ಥಾನ ರದ್ದಾದದ್ದು 2020ರ ಡಿಸೆಂಬರ್‌ನಲ್ಲಿ. ಎಕ್ಸ್‌ಪ್ಲೋರರ್ ನಿವೃತ್ತಿಯಾದದ್ದು 2022ರ ಜೂನ್ 15ರಂದು.

● ಪ್ರಿಂಟರ್ ಬಗ್ಗೆ ಒಂದು ಮಾತು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಝೆರಾಕ್ಸ್ ಪ್ರಿಂಟರಿನಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ‘ಕಾಗದ ಸಿಕ್ಕಿಕೊಂಡಿದೆ’ ಎಂದು ಎಲ್ಲರಿಗೂ ಸಂದೇಶ ಹೋಗುವಂತೆ ಅದರ ಸಾಫ್ಟ್‌ವೇರ್ ತಿದ್ದಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಹೊರಟರೆ ಮೂಲ ಕೋಡನ್ನು ಕೊಡುವವರೇ ಇಲ್ಲ. ಆ ಸಿಟ್ಟು ಮನಸ್ಸಿನಲ್ಲಿ ಕೂತು, 1983ರ ಸೆಪ್ಟೆಂಬರ್‌ನಲ್ಲಿ ಗ್ನೂ ಎಂಬ ಮುಕ್ತ ಓಎಸ್ ಯೋಜನೆಯ ಘೋಷಣೆಗೆ ದಾರಿಮಾಡಿದ ಕಾರಣಗಳಲ್ಲಿ ಒಂದಾಯಿತು. 1991ರಲ್ಲಿ ಲಿನುಸ್ ಟೊರ್ವಾಲ್ಡ್ಸ್ ಬರೆದ ಕರ್ನೆಲ್, ಅಂದರೆ ಓಎಸ್‌ನ ತಿರುಳು, ಅದಕ್ಕೆ ಕೂಡಿ ಲಿನಕ್ಸ್ ಆಯಿತು. ಇಷ್ಟಾಗಿಯೂ ಲಿನಕ್ಸ್‌ಗೆ ಬಂದವರು ಮೊದಲು ಮುಗ್ಗರಿಸುವುದು ಪ್ರಿಂಟರಿನಲ್ಲೇ, ನೋಡಿ! ನಮ್ಮ ಅರ್ಧ ಕಚೇರಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ತನ್ನ ಕಂಪನಿಯ ಕ್ಯಾಪ್ಟ್ ಎಂಬ ಭಾಷೆಯನ್ನು ಬಿಟ್ಟರೆ ಬೇರೆ ಅರಿಯದು. ಅದಕ್ಕೆ ತಕ್ಕ ಡ್ರೈವರ್ ಸಿಕ್ಕಿ ಕೂರುವವರೆಗೆ ತಾಳ್ಮೆ ಬೇಕು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಹಳೆಯ ಸ್ಕ್ಯಾನರುಗಳಿಗೂ ಇದೇ ಮಾತು. ಮೊದಲು ಡ್ರೈವರ್ ಹುಡುಕಿ, ಆಮೇಲೆ ಓಎಸ್.

● ಎರಡೂ ಇರಲಿ ಎಂದು ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಹಾಕಿಕೊಂಡವರಿಗೆ ಒಂದು ತಮಾಷೆ ಕಾದಿರುತ್ತದೆ. ಲಿನಕ್ಸ್ ಬಳಸಿ ಮತ್ತೆ ವಿಂಡೋಸ್ ತೆರೆದರೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ! ಬ್ಯಾಟರಿ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಲಿನಕ್ಸ್‌ನಲ್ಲಿ ಒಂದು ಸಣ್ಣ ಸೆಟ್ಟಿಂಗ್ ಬದಲಿಸಿದರೆ ಎರಡೂ ರಾಜಿಯಾಗುತ್ತವೆ.

● ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ ಮದುವೆಯ ವಿಡಿಯೊ ಕಾಪಿ ಆಗುತ್ತಿಲ್ಲವೇ? ಅದು ಫ್ಯಾಟ್ 32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುತ್ತದೆ. 4 ಜಿಬಿ ತುಂಬಿದ ಒಂಟಿ ಫೈಲನ್ನು ಅದು ಒಪ್ಪುವುದಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ತಾನಾಗಿ ಅದರ ಮೇಲೆ ಬರೆಯುವುದಿಲ್ಲ. ಮೂರೂ ಓಎಸ್‌ಗಳಿಗೆ ಒಗ್ಗುವುದು ಎಕ್ಸ್‌ಫ್ಯಾಟ್. ಹಳೆಯದರಿಂದ ಹೊಸದಕ್ಕೆ ಸಾಮಾನು ಸಾಗಿಸುವ ಡಿಸ್ಕನ್ನು ಅದರಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಿ.

● ಲಿನಕ್ಸ್‌ನಲ್ಲಿ ಬರೆದ ಸಾದಾ ಪಠ್ಯದ ಫೈಲನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಲುಗಳೆಲ್ಲ ಅಂಟಿಕೊಂಡು ಒಂದೇ ಉದ್ದ ಸಾಲಾಗುತ್ತಿತ್ತು. ಸಾಲು ಮುಗಿಯಿತು ಎಂದು ಹೇಳಲು ವಿಂಡೋಸ್‌ಗೆ ಎರಡು ಗುರುತು ಬೇಕು, ಲಿನಕ್ಸ್‌ಗೆ ಒಂದೇ ಸಾಕು. ಇಷ್ಟು ಚಿಕ್ಕ ಜಗಳ ಬಗೆಹರಿದದ್ದು 2018ರಲ್ಲಿ!

● ಉಬುಂಟು 24.04 ಎಂದರೆ 2024ರ ನಾಲ್ಕನೆಯ ತಿಂಗಳು. ಆವೃತ್ತಿಯ ಸಂಖ್ಯೆಯೇ ಅದರ ಹುಟ್ಟಿದ ದಿನಾಂಕ. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಅಪ್‌ಡೇಟ್ ಉಚಿತ. ಸ್ವಂತ ಬಳಕೆಯ ಐದು ಯಂತ್ರಗಳವರೆಗೆ ನೋಂದಣಿ ಮಾಡಿಸಿಕೊಂಡರೆ ಹತ್ತು ವರ್ಷ, ಅದೂ ಉಚಿತ. ಇಂಟರ್‌ನೆಟ್ ಆಮೆವೇಗದಲ್ಲಿದ್ದ ಕಾಲದಲ್ಲಿ ಕೇಳಿದವರ ಮನೆಗೆ ಉಬುಂಟು ಸಿಡಿಯನ್ನು ಅಂಚೆಯಲ್ಲಿ ಬಿಟ್ಟಿಯಾಗಿ ಕಳಿಸುತ್ತಿದ್ದರು. 2011ರಲ್ಲಿ ಅದು ನಿಂತಿತು.

● ಇಡೀ ಊರಿಗೆ ಊರೇ ಓಎಸ್ ಬದಲಿಸಿದರೆ? ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ತನ್ನ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತರಲು ತೀರ್ಮಾನಿಸಿತು. ತೀರ್ಮಾನಕ್ಕೆ ಮುನ್ನವೇ ಸುಳಿವು ಸಿಕ್ಕಿ ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ತಮ್ಮ ಸ್ಕೀಯಿಂಗ್ ರಜೆಯನ್ನು ಅರ್ಧಕ್ಕೇ ಬಿಟ್ಟು ಮೇಯರ್ ಕ್ರಿಸ್ಟಿಯಾನ್ ಊಡೆ ಅವರ ಮನವೊಲಿಸಲು ಧಾವಿಸಿದರು. ಫಲ ಸಿಗಲಿಲ್ಲ. ಹತ್ತು ವರ್ಷ ತೆಗೆದುಕೊಂಡು, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳು ಲಿಮಕ್ಸ್ ಎಂಬ ತಮ್ಮದೇ ಲಿನಕ್ಸ್‌ಗೆ ಬಂದವು. ಒಂದು ಕೋಟಿ ಯೂರೊಗೂ ಹೆಚ್ಚು ಉಳಿತಾಯವಾಯಿತೆಂದು ನಗರಸಭೆ ಹೇಳಿಕೊಂಡಿತು. ಮೇಯರ್ ಬದಲಾದರು, ಗಾಳಿ ತಿರುಗಿತು. ಹೊರಗಿನಿಂದ ಬರುವ ಫೈಲುಗಳ ಜತೆ ಹೊಂದಾಣಿಕೆಯ ಗೊಣಗಾಟ ಬೇರೆ ಇತ್ತು. 2017ರ ನವೆಂಬರ್‌ನಲ್ಲಿ ಮತ್ತೆ ವಿಂಡೋಸ್‌ಗೇ ಮರಳಲು ನಿರ್ಣಯವಾಯಿತು.

ಅದೇ ಹೊತ್ತಿಗೆ ಪಕ್ಕದ ಫ್ರಾನ್ಸ್‌ನ ಜಾಂಡರ್ಮರಿ ಪೊಲೀಸ್ ಪಡೆ ಸದ್ದಿಲ್ಲದೆ ಗೆದ್ದಿತು. ಅವರು ಓಎಸ್‌ಗೆ ಕೈಹಾಕಿದ್ದು ಕೊನೆಗೆ. 2005ರಲ್ಲಿ ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ತಂದರು. 2006ರಲ್ಲಿ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್. ಪೇದೆಗಳ ಕೈ ಅದಕ್ಕೆಲ್ಲ ಪಳಗಿದ ಮೇಲೆ, 2008ರಿಂದ, ಅಡಿಯ ವಿಂಡೋಸ್ ತೆಗೆದು ಉಬುಂಟು ಇಟ್ಟರು. ದಿನಬಳಕೆಯ ಐಕಾನ್‌ಗಳು ಅವೇ ಇದ್ದುದರಿಂದ ಹೆಚ್ಚು ಗಲಾಟೆಯಾಗಲಿಲ್ಲ. ಇಂದು 70,000ಕ್ಕೂ ಹೆಚ್ಚು ಯಂತ್ರಗಳು ಅದರಲ್ಲಿ ನಡೆಯುತ್ತಿವೆ. ಬದಲಾಗಬೇಕೆಂಬವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ನನಗಂತೂ ಕಂಡಿಲ್ಲ. 2024ರಲ್ಲಿ ಜರ್ಮನಿಯದೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ 30,000 ಕಂಪ್ಯೂಟರುಗಳಿಗೆ ಆಯ್ದುಕೊಂಡದ್ದೂ ಇದೇ ಹಾದಿ: ಮೊದಲು ಲಿಬ್ರೆಆಫೀಸ್, ಆಮೇಲೆ ಲಿನಕ್ಸ್.

● ಇನ್ನು ನಮ್ಮ ನೆರೆಯ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಲ್ಲಿ ಉಬುಂಟು ಆಧರಿಸಿದ ಸ್ವಂತ ಓಎಸ್ ಇದೆ. ಇದರಿಂದ ಲೈಸೆನ್ಸ್ ವೆಚ್ಚದಲ್ಲಿ 3,000 ಕೋಟಿ ರೂಪಾಯಿ ಉಳಿಯಿತೆಂದು ಅಲ್ಲಿನ ಕೈಟ್ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತು. ಪಾಠಕ್ಕೆ ಬೇಕಾದ ಸಾಫ್ಟ್‌ವೇರುಗಳನ್ನೂ ಸೇರಿಸಿಯೇ ಹಾಕಿಕೊಟ್ಟದ್ದರಿಂದ ಮೇಷ್ಟ್ರುಗಳು ‘ಅದು ಓಡಲ್ಲ, ಇದು ಓಡಲ್ಲ’ ಎನ್ನುವ ಪ್ರಮೇಯ ಬರಲಿಲ್ಲ.

● ಮುದ್ರಣಾಲಯದವರಿಗೆ: ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಕನ್ನಡದ ಎಷ್ಟೋ ಪುಸ್ತಕಗಳ ಪುಟವಿನ್ಯಾಸ ಇನ್ನೂ ಅದರಲ್ಲೇ ಕೂತಿದೆ. ಆ ಫೈಲುಗಳನ್ನು ತೆರೆಯಬಲ್ಲವು ಅದರ ಉತ್ತರಾಧಿಕಾರಿ ಇನ್‌ಡಿಸೈನ್‌ನ ಸಿಎಸ್ 6ರವರೆಗಿನ ಆವೃತ್ತಿಗಳು ಮಾತ್ರ. 2013ರಿಂದ ಅಡೋಬಿ ತಿಂಗಳ ಬಾಡಿಗೆಗೆ ಕೊಡತೊಡಗಿದ ಹೊಸ ಇನ್‌ಡಿಸೈನ್‌ಗಳು ಅವನ್ನು ಮುಟ್ಟುವುದಿಲ್ಲ. ಬಾಡಿಗೆ ಕಟ್ಟಿಯೂ ಹಳೆಯ ಪುಸ್ತಕ ತೆರೆಯದು!

● ಕೊನೆಯದಾಗಿ, ಕನ್ನಡಿಗರಿಗೇ ಮೀಸಲಾದ ಒಂದು ಗೋಳು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದ ಮೇಲೆ ಕನ್ನಡ ಬೆರಳಚ್ಚು ಮನೆಮನೆಗೆ ಬಂತು. ಎರಡೂ ವಿಂಡೋಸ್‌ಗಾಗಿ ಮಾಡಿದವು. ಆಗ ಕಂಪ್ಯೂಟರಿಗೆ ಕನ್ನಡ ಸರಿಯಾಗಿ ಗೊತ್ತಿರಲಿಲ್ಲವಾದ್ದರಿಂದ ಒಂದು ಉಪಾಯ ಹೂಡಿದ್ದರು. ಫೈಲಿನಲ್ಲಿ ಉಳಿಯುವುದು ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳೇ, ಅವುಗಳಿಗೆ ಕನ್ನಡದ ಆಕಾರ ತೊಡಿಸುವುದು ಫಾಂಟು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದು ನೋಡಿ. ಕಾಣುವುದು ಇದು: ದೊಡ್ಡಕ್ಷರದ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣಕ್ಷರದ ಕ್ಯೂ, ಮತ್ತೊಂದು ಗೀಟಿನ ಎ. ಒಟ್ಟು ಏಳು ಚಿಹ್ನೆ. ‘ನ’ಕಾರಕ್ಕೆ ಪೌಂಡು, ನ-ಒತ್ತಿಗೆ ಜರ್ಮನ್ ಅಕ್ಷರ!

ಅಂದರೆ ಆ ಫೈಲಿನಲ್ಲಿ ಕನ್ನಡವೇ ಇಲ್ಲ. ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಜೋಡಿಸಲಾಗದು, ಮೊಬೈಲಿಗೆ ಕಳಿಸಿದರೆ ಓದಲಾಗದು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೇ ಬಂತು. ಇಂದು ಮ್ಯಾಕ್‌ನಲ್ಲಿ ಕನ್ನಡ ಎಂಎನ್, ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಫಾಂಟುಗಳಿವೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ರೂಢಿಯಾದವರಿಗೆ ಲಿನಕ್ಸ್‌ನಲ್ಲಿ ಅದೂ ಸಿಗುತ್ತದೆ. ಇನ್‌ಪುಟ್ ಪಟ್ಟಿಯಲ್ಲಿ ‘ಕೆಜಿಪಿ’ ಎಂಬ ಹೆಸರು ಆರಿಸಿಕೊಂಡರೆ ಆಯಿತು. ಹೊಸದಾಗಿ ಬರೆಯುವುದಕ್ಕೆ ಯಾವ ಓಎಸ್‌ನಲ್ಲೂ ತೊಂದರೆಯಿಲ್ಲ. ತೊಂದರೆ ಇರುವುದು ಹಿಂದೆ ಬರೆದಿಟ್ಟದ್ದಕ್ಕೆ: ಸಂಘದ ನಡಾವಳಿ, ಅಜ್ಜನ ಆತ್ಮಕಥೆ, ಪಿಎಚ್‌ಡಿ ಪ್ರಬಂಧ, ನಾಟಕದ ಹಸ್ತಪ್ರತಿ.

ಹಳೆಯ ನುಡಿ, ಬರಹ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳು ಇವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುತ್ತವೆ; ಮೂಲದ ಪಕ್ಕದಲ್ಲಿಟ್ಟು ಕಣ್ಣಾರೆ ಓದಿ ತಿದ್ದಬೇಕು. ಮೂಲವನ್ನು ಸರಿಯಾಗಿ ತೋರಿಸಬಲ್ಲದ್ದು ಆ ಫಾಂಟ್ ಇರುವ ನಿಮ್ಮ ಹಳೆಯ ವಿಂಡೋಸ್ ಯಂತ್ರ. ಆದ್ದರಿಂದ ಅದನ್ನು ಫಾರ್ಮ್ಯಾಟ್ ಮಾಡಲು ಕೊಡುವ ಮುನ್ನ ಮೂರು ಕೆಲಸ ಮುಗಿಸಿ. ಒಂದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಎರಡು, ಬಳಸಿದ ಫಾಂಟುಗಳನ್ನೂ ಫೈಲುಗಳನ್ನೂ ಒಂದೇ ಡಿಸ್ಕಿಗೆ ಕಾಪಿ ಮಾಡಿ, ಮುಖ್ಯವಾದವುಗಳ ಪಿಡಿಎಫ್ ತೆಗೆಯಿರಿ. ಮೂರು, ಯೂನಿಕೋಡ್‌ಗೆ ತಂದದ್ದನ್ನು ಬೇರೊಬ್ಬರ ಫೋನಿನಲ್ಲಿ ತೆರೆದು ಕನ್ನಡವಾಗಿಯೇ ಕಾಣುತ್ತಿದೆಯೇ ನೋಡಿ. ಅಲ್ಲಿಯವರೆಗೆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ.